ತಮ್ಮ ಹುಷಾರಾದ ಅಂತ ಖುಷಿಪಟ್ಟೆವು, ಈಗ ಭಯ ಆಗ್ತಿದೆ

ತಿಪಟೂರು_ಅಕ್ಕ (ಸೋಮವಾರ ರಾತ್ರಿ 9:42)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನ್ನ ತಮ್ಮನಿಗೆ 27. ಬೆಂಗಳೂರಲ್ಲಿ ಎರಡು ವರ್ಷ ಕೆಲಸ ಮಾಡಿ, ಬಿಟ್ಟು ಬಂದು ತೋಟ ನೋಡ್ಕೊಂಡಿದ್ದ. ಹೋದ ದೀಪಾವಳಿ ಕಳೆದ ಮೇಲೆ ಮಂಕಾಗಿಬಿಟ್ಟ. ಹಾಸಿಗೆ ಬಿಟ್ಟು ಏಳ್ತಿರಲಿಲ್ಲ, ಸ್ನಾನ ಇಲ್ಲ, ಊಟಕ್ಕೆ ಕರೆದ್ರೆ ಗೋಡೆ ಕಡೆ ತಿರುಗಿ ಮಲಗೋನು. ಕಾಯಿ ಕೀಳೋರು ಬಂದು ಬಂದು ವಾಪಸ್ ಹೋದ್ರು. ಊರಿನ ಡಾಕ್ಟ್ರು ಡಿಪ್ರೆಶನ್ ಅಂತ ಮಾತ್ರೆ ಶುರು ಮಾಡಿದ್ರು. ಐದಾರು ವಾರಕ್ಕೆ ಎದ್ದು ಕೂತ. ಅಮ್ಮ ಮನೆದೇವರಿಗೆ ತುಪ್ಪದ ದೀಪ ಹಚ್ಚಿ ಬಂದ್ರು.

ಆಮೇಲಿನದ್ದೇ ಈಗ ತಲೆನೋವು. ಹನ್ನೊಂದು ದಿನದಿಂದ ರಾತ್ರಿ ಎರಡು ಗಂಟೆ ಮಲಗಿದ್ರೆ ಹೆಚ್ಚು. ಬೆಳಗಿನ ಜಾವ ಮೂರಕ್ಕೆ ಟಾರ್ಚ್ ಹಿಡ್ಕೊಂಡು ತೋಟದಲ್ಲಿ ಮರ ಎಣಿಸ್ತಾನೆ. ನೀರಾ ಕಂಪನಿ ಮಾಡ್ತಾನಂತೆ, ಹಾಲಿನ ವ್ಯಾನಿನ ಡ್ರೈವರನ್ನೂ ಪಾಲುದಾರ ಮಾಡ್ಕೊಂಡಿದಾನೆ. ಅಮ್ಮನ ಸರ ಅಡವಿಟ್ಟು ಒಂದೇ ವಾರದಲ್ಲಿ ಎರಡು ಬೋರ್ ಕೊರೆಸಿದ. ಮಾತು ಶುರು ಆದ್ರೆ ನಿಲ್ಲಲ್ಲ, ಮಧ್ಯ ಬಾಯಿ ಹಾಕಿದ್ರೆ ಕಣ್ಣು ಕೆಂಪು. ಮೊನ್ನೆ ಅಪ್ಪನ್ನ ತಳ್ಳಿಬಿಟ್ಟ. ಅಪ್ಪ ಮಾತ್ರ "ಮಲಗಿದ್ದೋನು ಎದ್ದಿದಾನಲ್ಲ, ದುಡೀಲಿ ಬಿಡು" ಅಂತಾರೆ.

ಮಾತ್ರೆ ಇನ್ನೂ ತಗೋತಿದಾನೆ. ಇದು ಹುಷಾರಾಗಿರೋದಾ, ಬೇರೆ ಏನಾದ್ರೂನಾ?

ನೇರಾನೇರ (9:50)

ಕೆಲಸ ಮಾಡದಿದ್ರೂ ಕಾಯಿಲೆ, ಮಾಡಿದ್ರೂ ಕಾಯಿಲೆ. ಹುಡುಗನ ಹುಮ್ಮಸ್ಸಿಗೆ ತಣ್ಣೀರು ಎರಚಬೇಡಿ ಮೇಡಂ.

ಹನ್ನೊಂದನೇ_ವರ್ಷ (10:04)

ನೇರಾನೇರ ಅವರೇ, ಹುಮ್ಮಸ್ಸಿರೋನು ಅಮ್ಮನ ಸರ ಅಡವಿಟ್ಟು ವಾರಕ್ಕೆ ಎರಡು ಬೋರ್ ಕೊರೆಸಲ್ಲ.

ಅಕ್ಕಾ, ನಾನು ಬೈಪೋಲಾರ್ ಇರೋನು, ಅಂದ್ರೆ ಮನಸ್ಸು ಒಮ್ಮೆ ವಿಪರೀತ ಮೇಲೆ, ಒಮ್ಮೆ ತೀರಾ ಕೆಳಗೆ ಹೋಗೋ ಕಾಯಿಲೆ. ಅದಕ್ಕೆ ಲಿಥಿಯಂ ಮಾತ್ರೆ ತಗೊಳ್ಳೋಕೆ ಶುರು ಮಾಡಿ ಇದು ಹನ್ನೊಂದನೇ ವರ್ಷ. ನೀವು ಬರೆದಿದ್ದು ಓದ್ತಾ ನಮ್ಮನೆ ಕಥೆ ಕೇಳಿದ ಹಾಗಾಯ್ತು. ಒಂದು ಗಮನಿಸಿ: ಎರಡು ಗಂಟೆ ಮಲಗಿ ಎದ್ದ ಮೇಲೆ ಅವನಿಗೆ ಸುಸ್ತು ಇದೆಯಾ? ನಿದ್ದೆ ಬರದೆ ಒದ್ದಾಡೋನು ಬೆಳಗ್ಗೆ ಸೊಪ್ಪಾಗಿರ್ತಾನೆ. ಇದರಲ್ಲಿ ಹಾಗಲ್ಲ, ನಿದ್ದೆನೇ ಬೇಕು ಅನ್ನಿಸಲ್ಲ. ನಾನು ನಾಲ್ಕು ದಿನ ಮಲಗದೆ ಐದನೇ ದಿನ ಚಾಮುಂಡಿ ಬೆಟ್ಟದ ಮೆಟ್ಟಿಲು ಎರಡು ಸಲ ಹತ್ತಿ ಇಳಿದಿದ್ದೆ.

ಬೈಪೋಲಾರ್ ಇರೋರಿಗೆ ಖಿನ್ನತೆಯ ಮಾತ್ರೆ ಮಾತ್ರ ಕೊಟ್ರೆ ಕೆಲವರಿಗೆ ಮನಸ್ಸು ಮೇಲೆದ್ದು ಮೇನಿಯಾಗೆ ಹೋಗುತ್ತೆ. ನಿಮ್ಮ ಡಾಕ್ಟ್ರದ್ದು ತಪ್ಪು ಅಂತಲ್ಲ. ಅವರ ಮುಂದೆ ಕೂತಿದ್ದು ಮಂಕಾಗಿರೋ ಹುಡುಗ, ಅದಕ್ಕೆ ಔಷಧಿ ಕೊಟ್ರು. ನನಗೂ ಎರಡು ಸಲ ಡಿಪ್ರೆಶನ್ ಅಂತಲೇ ಚಿಕಿತ್ಸೆ ಆಗಿತ್ತು. ಅದಕ್ಕಿಂತ ಮುಂಚೆ ಕಾಲೇಜಲ್ಲಿದ್ದಾಗ ಒಂದು ತಿಂಗಳು ಕಾಲೇಜ್ ಡೇ ಪೂರ್ತಿ ಒಬ್ಬನೇ ಓಡಾಡಿ ಮಾಡಿದ್ದೆ, ಫೀಸಿನ ದುಡ್ಡಲ್ಲಿ ಹಾಸ್ಟೆಲ್ಲಿನ ಹದಿನಾರು ಜನಕ್ಕೆ ಶರ್ಟು ಕೊಡಿಸಿದ್ದೆ. ಎಲ್ಲರೂ ದಿಲ್ದಾರ್ ಹುಡುಗ ಅಂದ್ರು. ಅದನ್ನ ಯಾರು ಡಾಕ್ಟರ ಹತ್ರ ಹೋಗಿ ದೂರು ಹೇಳ್ತಾರೆ? ಅಳ್ತಾ ಕೂತಾಗ ಕರ್ಕೊಂಡು ಹೋಗ್ತೀವಿ, ನಗ್ತಾ ಓಡಾಡುವಾಗ ಫೋಟೋ ತೆಗೀತೀವಿ.

ಅದಕ್ಕೇ ಕೇಳ್ತೀನಿ, ಬೆಂಗಳೂರಿನ ಕೆಲಸ ಅವನು ಯಾಕೆ ಬಿಟ್ಟ?

ತಿಪಟೂರು_ಅಕ್ಕ (10:15)

ಅಯ್ಯೋ. ಮ್ಯಾನೇಜರಿಗೆ ಬಯ್ದು, ನಾನೇ ಕಂಪನಿ ತೆಗೀತೀನಿ ಅಂತ ಹೇಳಿ ಬಿಟ್ಟಿದ್ದ. ಆಗ ಎರಡು ಮೂರು ವಾರ ಹೀಗೇ ಫೋನಲ್ಲಿ ಗಂಟೆಗಟ್ಟಲೆ ಮಾತಾಡ್ತಿದ್ದ. ಹುಡುಗ ಚುರುಕಾಗಿದಾನೆ ಅಂದ್ಕೊಂಡಿದ್ವಿ. ಸುಸ್ತು ಒಂಚೂರೂ ಇಲ್ಲ.

ಪಿಜಿ_ಪರದಾಟ (10:31)

ಸೈಕಿಯಾಟ್ರಿ ಪಿಜಿ ಓದ್ತಿದೀನಿ. ನೋಡದೆ ರೋಗದ ಹೆಸರು ಹೇಳಬಾರದು, ಹೇಳಲ್ಲ. ಆದ್ರೆ ಬೆಂಗಳೂರಿನ ಆ ಮೂರು ವಾರದ ಕಥೆ ಇದೆಯಲ್ಲ, ಅದನ್ನ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಮನಸ್ಸು ವಿಪರೀತ ಉಬ್ಬೋದು ಅಥವಾ ಸಿಡಿಮಿಡಿ, ಅದರ ಜೊತೆ ಮೈತುಂಬ ಶಕ್ತಿ, ನಿದ್ದೆ ಬೇಡವಾಗೋದು, ಮಾತಿನ ಪ್ರವಾಹ, ನನ್ನಂಥೋನಿಲ್ಲ ಅನ್ನೋ ಭಾವನೆ, ಹಿಂದೆಮುಂದೆ ನೋಡದೆ ಖರ್ಚು. ಇವು ಏಳು ದಿನ ಅಥವಾ ಹೆಚ್ಚು ಇದ್ದು ಬದುಕು ಅಸ್ತವ್ಯಸ್ತ ಆದ್ರೆ ಮೇನಿಯಾ ಅಂತೀವಿ. ಅಡ್ಮಿಟ್ ಮಾಡಬೇಕಾದಷ್ಟು ಜೋರಿದ್ರೆ ಏಳು ದಿನ ತುಂಬಲಿ ಅಂತ ಕಾಯಲ್ಲ. ನಾಲ್ಕು ದಿನ ಇದ್ದು, ಬೇರೆಯೋರ ಕಣ್ಣಿಗೆ ಬಿದ್ದು, ಆದ್ರೂ ಕೆಲಸಕಾರ್ಯ ಕೆಡದಷ್ಟು ಹಗುರವಾಗಿದ್ರೆ ಹೈಪೊಮೇನಿಯಾ. ಒಂದು ಸಲ ಮೇನಿಯಾ ಬಂದಿದ್ರೆ ಬೈಪೋಲಾರ್ ಒಂದು. ಖಿನ್ನತೆ ಜೊತೆ ಹೈಪೊಮೇನಿಯಾ ಮಾತ್ರ ಬಂದಿದ್ರೆ ಬೈಪೋಲಾರ್ ಎರಡು. ಎರಡನೇದು ಹಗುರ ಅಂತ ಹೆಸರಿನಿಂದ ಅಂದ್ಕೋಬೇಡಿ, ಅವರು ವರ್ಷದಲ್ಲಿ ಹೆಚ್ಚು ದಿನ ಖಿನ್ನತೆಯಲ್ಲೇ ಕಳೀತಾರೆ.

ಸ್ಕ್ಯಾನ್ ಮಾಡಿ ಇದನ್ನ ಕಂಡುಹಿಡಿಯೋಕೆ ಆಗಲ್ಲ, ರಕ್ತದಲ್ಲೂ ಸಿಗಲ್ಲ. ಥೈರಾಯ್ಡ್ ನೋಡೋದು, ಸ್ಟಿರಾಯ್ಡ್ ಅಥವಾ ಗಾಂಜಾ ತಗೊಂಡಿದಾರಾ ಅಂತ ಕೇಳೋದು ಬೇರೆ ಕಾರಣ ತಳ್ಳಿಹಾಕೋಕೆ. ಉಳಿದದ್ದು ಮನೆಯವರು ಹೇಳೋ ಕಥೆ ಮೇಲೇ ನಿಂತಿರೋದು. ಮೇನಿಯಾದಲ್ಲಿರೋನು ನಾನು ಸೂಪರ್ ಆಗಿದೀನಿ ಅಂತಾನೆ. ಅದು ಸುಳ್ಳಲ್ಲ, ಅವನಿಗೆ ಹಾಗೇ ಅನ್ನಿಸ್ತಿರುತ್ತೆ. ಮಾತ್ರೆ ಬರೆದ ಡಾಕ್ಟರಿಗೆ ನಾಳೆ ಬೆಳಗ್ಗೇನೇ ಫೋನ್ ಮಾಡಿ. ಅಪ್ಪನ್ನ ತಳ್ಳಿದಾನೆ ಅಂದ್ರೆ ಕಾಯೋ ಹಂತ ಅಲ್ಲ ಇದು.

ಪಂಚಾಂಗ_ಪ್ರಿಯ (10:38)

ಹುಣ್ಣಿಮೆ ಹತ್ತಿರ ಬಂದಾಗ ಜಾಸ್ತಿ ಆಗುತ್ತಾ ನೋಡಿ. ಬೋರ್ ಕೊರೆಸುವಾಗ ಭೂಮಿಪೂಜೆ ಮಾಡಿದ್ರಾ?

ನೇರಾನೇರ (10:40)

ಬಂದ್ರಪ್ಪ.

ಧಾರವಾಡ_ಫೇಡಾ (10:58)

ಪಂಚಾಂಗದ ಸಾಹೇಬ್ರ, ನಮ್ಮ ಮನ್ಯಾಗ ಅದನ್ನೂ ಮಾಡಿ ನೋಡೀವ್ರೀ. ನಮ್ಮ ಕಾಕಾ ಒಬ್ಬಾಂವ, ಈಗ ಅರವತ್ತು ದಾಟ್ಯಾವ. ಹರೇದಾಗ ಮೂರ್ನಾಕು ವರ್ಷಕ್ಕೊಮ್ಮೆ ಹಿಂಗ ಆಗ್ತಿತ್ತು. ಒಮ್ಮೆ ಎತ್ತು ಮಾರಿ ಜಾತ್ರ್ಯಾಗ ಊರಿಗೆಲ್ಲಾ ಊಟ ಹಾಕಿದ. ಊರ ಮಂದಿ ಉಂಡು ಭಾಳ ದೊಡ್ಡ ಮನಸ್ಸಿನಾಂವ ಅಂದ್ರು. ಆರು ತಿಂಗಳ ಬಿಟ್ಟು ಅದ ಕಾಕಾ ಹಗೇವಿನ ಕಟ್ಟಿ ಮ್ಯಾಲ ಕುಂತು ಮಾತಿಲ್ಲದ ದಿನಾ ಕಳೀತಿದ್ದ, ಆವಾಗ ಅದ ಮಂದಿ ಗಾಳಿ ಬಡದೈತಿ ಅಂದ್ರು. ಗಾಣಗಾಪುರಕ್ಕ ಒಯ್ದ್ರು, ತಾಯತ ಕಟ್ಟಿಸಿದ್ರು. ಎರಡು ತಿಂಗಳಿಗೆ ತಾನ ಇಳೀತು. ತಾಯತದಿಂದ ಅಂತ ಎಲ್ಲಾರೂ ನಂಬಿದ್ರು, ನಾನೂ ನಂಬಿದ್ದೆ.

ಇದು ಬರೂದು ಹಂಗ, ಹೋಗೂದು ಹಂಗ ನೋಡ್ರಿ. ನಡುವ ಮನಷ್ಯಾ ಥೇಟ್ ಮೊದಲಿನಂಗ ಇರ್ತಾನ. ಅದಕ್ಕ ಆ ಹೊತ್ತಿಗೆ ಕೈಯಾಗ ಏನಿತ್ತೋ ಅದಕ್ಕ ಶ್ರೇಯಸ್ಸು ಹೋಗ್ತೈತಿ. ಕಡೀಕ ಧಾರವಾಡದ ಮಾನಸಿಕ ಆಸ್ಪತ್ರ್ಯಾಗ, ಈಗ ಡಿಮ್ಹಾನ್ಸ್ ಅಂತಾರಲ್ಲ, ಅಲ್ಲಿ ತೋರಿಸಿ ಗುಳಿಗಿ ಚಾಲೂ ಮಾಡಿದ ಮ್ಯಾಲ ಹದಿನೆಂಟು ವರ್ಷದಾಗ ಒಮ್ಮೆ ಮಾತ್ರ ಆಗೈತಿ. ಅದೂ ತಾನ ಗುಳಿಗಿ ಬಿಟ್ಟಾಗ. ತಾಯತ ಇನ್ನೂ ಕೈಯಾಗ ಐತಿ, ಡಾಕ್ಟರು ಇರಲಿ ಬಿಡ್ರಿ ಅಂದ್ರು.

ಪಂಚಾಂಗ_ಪ್ರಿಯ (11:02)

ಎರಡೂ ಇರಲಿ ಅಂತಲೇ ನಾನು ಹೇಳೋದು. ಔಷಧಿ ಬೇಡ ಅಂತ ಎಲ್ಲಿ ಹೇಳಿದೆ?

ಯೋಗ_ಸಾಧಕ (11:10)

ಈ ಮಾತ್ರೆಗಳಿಗೆ ಸಿಕ್ಕಿಹಾಕ್ಕೊಂಡ್ರೆ ಜೀವನಪೂರ್ತಿ ಬಿಡೋಕಾಗಲ್ಲ. ಪ್ರಾಣಾಯಾಮ, ಸಾತ್ವಿಕ ಆಹಾರ ಮೊದಲು ಪ್ರಯತ್ನಿಸಿ. ಉಪ್ಪು ಬಿಡಿಸಿ.

ಪಿಜಿ_ಪರದಾಟ (11:14)

ಸಾರ್, ದಯವಿಟ್ಟು. ಲಿಥಿಯಂ ತಗೊಳ್ಳೋರು ಇದನ್ನ ಓದಿ ಇದ್ದಕ್ಕಿದ್ದ ಹಾಗೆ ಉಪ್ಪು ಬಿಟ್ರೆ ಮೂತ್ರಪಿಂಡ ಲಿಥಿಯಮ್ಮನ್ನ ಹೊರಗೆ ಬಿಡದೆ ಹಿಡ್ಕೊಳ್ಳುತ್ತೆ, ರಕ್ತದಲ್ಲಿ ಮಟ್ಟ ಏರುತ್ತೆ, ವಿಷ ಆಗುತ್ತೆ. ಯೋಗ ಮಾಡಲಿ, ಯಾರೂ ಬೇಡ ಅನ್ನಲ್ಲ. ಉಪ್ಪಿನ ವಿಷಯದಲ್ಲಿ ಉಪದೇಶ ಬೇಡ.

ಕಾರ್ಕಳದವಳು (11:20)

ಇದು ನಮ್ಮ ಮನೆಯಲ್ಲಿ ಆದದ್ದೇ ಮಾರಾಯ್ರೆ. ಮಾವನಿಗೆ ಎಷ್ಟೋ ವರ್ಷದಿಂದ ಲಿಥಿಯಂ ಉಂಟು, ಏನೂ ತೊಂದರೆ ಇರ್ಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಮಂಡಿನೋವು ಅಂತ ಅಂಗಡಿಯಿಂದ ನೋವಿನ ಮಾತ್ರೆ ತಂದು ಹತ್ತು ದಿನ ನುಂಗಿದ್ರು, ಡೈಕ್ಲೋಫೆನಾಕ್. ಮೇಲಿಂದ ಆ ಸೆಕೆ, ಬೆವರು, ಎರಡು ದಿನ ಭೇದಿ ಬೇರೆ. ಕೈ ನಡುಗ್ಲಿಕ್ಕೆ ಶುರುವಾಯ್ತು, ವಾಂತಿ, ಕುಡಿದವರ ಹಾಗೆ ನಡಿಗೆ, ಮಾತು ತೊದಲು. ನಾವು ಲಕ್ವ ಹೊಡೆದಿದೆ ಅಂದುಕೊಂಡ್ವಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ತಲೆ ಸ್ಕ್ಯಾನ್ ಮಾಡಿದ್ರು. ಒಬ್ಬ ಚಿಕ್ಕ ಪ್ರಾಯದ ಡಾಕ್ಟ್ರು ಮಾತ್ರೆಯ ಚೀಟಿ ನೋಡಿ ಲಿಥಿಯಂ ಲೆವೆಲ್ ಮಾಡಿಸಿ ಅಂದ್ರು. 2.1 ಬಂತು.

ಯೋಗ_ಸಾಧಕ (11:24)

ಗೊತ್ತಿರಲಿಲ್ಲ. ಉಪ್ಪಿನ ಮಾತು ವಾಪಸ್ ತಗೊಂಡೆ.

ಹನ್ನೊಂದನೇ_ವರ್ಷ (11:29)

ಲೆವೆಲ್ ಸಾಮಾನ್ಯವಾಗಿ 0.6ರಿಂದ 1.0 ಒಳಗೆ ಇಡ್ತಾರೆ, 1.5 ದಾಟಿದ್ರೆ ಅಪಾಯ. ರಾತ್ರಿ ಮಾತ್ರೆ ನುಂಗಿ ಹನ್ನೆರಡು ಗಂಟೆ ಆದ ಮೇಲೆ, ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಲ್ಯಾಬಿನವರು ಹೇಳಲ್ಲ, ನೀವೇ ನೆನಪಿಟ್ಕೊಳ್ಳಿ. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತ ಪರೀಕ್ಷೆ), ಥೈರಾಯ್ಡ್. ನನಗೆ ಆರನೇ ವರ್ಷಕ್ಕೆ ಥೈರಾಯ್ಡ್ ಕಮ್ಮಿ ಆಯ್ತು, ಅದಕ್ಕೊಂದು ಚಿಕ್ಕ ಮಾತ್ರೆ ಸೇರಿತು, ಅಷ್ಟೇ. ಬಿಪಿಯ ಕೆಲವು ಮಾತ್ರೆಗಳೂ ಲೆವೆಲ್ ಏರಿಸ್ತವೆ. ಯಾವ ಡಾಕ್ಟರ ಹತ್ರ ಹೋದ್ರೂ, ಹಲ್ಲಿನ ಡಾಕ್ಟರಾದ್ರೂ, ಲಿಥಿಯಂ ತಗೋತೀನಿ ಅಂತ ಮೊದಲು ಹೇಳೋದು ಅಭ್ಯಾಸ ಆಗಿದೆ. ಜ್ವರಕ್ಕೆ ಪ್ಯಾರಸಿಟಮಾಲ್ ನಡೆಯುತ್ತೆ.

ಮಂಡ್ಯ_ಹೈಕ್ಳು (11:33)

ಲಿಥಿಯಂ ಅಂದ್ರೆ ಮೊಬೈಲ್ ಬ್ಯಾಟರಿಗೆ ಹಾಕೋದಲ್ವಾ ಗುರು? ಅದನ್ನ ತಿಂತೀರಾ? ನಮ್ ಜಿಲ್ಲೆ ಮರ್ಲಗಲ್ಲದಲ್ಲಿ 1,600 ಟನ್ ಸಿಕ್ಕಿದೆ ಅಂತ ಪೇಪರಲ್ಲಿ ಬಂದಿತ್ತು. ಇಡೀ ರಾಜ್ಯದ ತಲೆ ಸರಿ ಮಾಡ್ಬಹುದು ಬಿಡಿ.

ಹನ್ನೊಂದನೇ_ವರ್ಷ (11:35)

ಮೊದಲು ನಿಮ್ಮ ಹೆದ್ದಾರಿಯಿಂದ ಶುರು ಮಾಡಿ.

ಯಾರಾ_ದಡ (11:52)

ಮೆಲ್ಬರ್ನ್‌ನಿಂದ. ಇಲ್ಲಿ ಬೆಳಗಾಗ್ತಿದೆ, ನಿದ್ದೆ ಬಗ್ಗೆ ನನಗೆ ಯಾರೂ ಏನೂ ಹೇಳಬೇಡಿ.

ಈ ಲಿಥಿಯಂ ಕಥೆ ನಡೆದಿದ್ದು ಇದೇ ಊರಿನ ಬಂಡೂರಾ ಅನ್ನೋ ಜಾಗದಲ್ಲಿ. ಜಾನ್ ಕೇಡ್ ಅನ್ನೋ ಡಾಕ್ಟರು ಯುದ್ಧದಲ್ಲಿ ಜಪಾನೀಯರಿಗೆ ಸೆರೆ ಸಿಕ್ಕಿ ಸಿಂಗಪುರದ ಚಾಂಗಿಯಲ್ಲಿದ್ದು ಬಂದವರು. ಮೇನಿಯಾ ಇರೋರ ಮೂತ್ರದಲ್ಲಿ ಏನೋ ವಿಷ ಇರಬೇಕು ಅಂತ ಗಿನಿಯಿಲಿಗಳಿಗೆ ಚುಚ್ಚಿ ನೋಡ್ತಿದ್ರು. ಯೂರಿಕ್ ಆಮ್ಲ ಕರಗಲಿ ಅಂತ ಲಿಥಿಯಂ ಉಪ್ಪು ಬಳಸಿದ್ರೆ ಇಲಿಗಳು ತೆಪ್ಪಗಾದವು. ಊಹೆ ತಪ್ಪು, ಸಿಕ್ಕಿದ್ದು ಸರಿ. ಹತ್ತು ಜನ ಮೇನಿಯಾ ರೋಗಿಗಳಿಗೆ ಕೊಟ್ಟ ವರದಿ 1949ರಲ್ಲಿ ಪ್ರಕಟ ಆಯ್ತು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲು ಲಿಥಿಯಂ ಕ್ಲೋರೈಡ್ ಮಾರಿ, ಜನ ಸತ್ತು, ಅಲ್ಲಿ ಅದಕ್ಕೆ ಕೆಟ್ಟ ಹೆಸರು ಬಂತು. ಕೇಡ್ ಅವರ ಮೊದಲ ರೋಗಿ ಕೂಡ ಕೊನೆಗೆ ಲಿಥಿಯಂ ವಿಷ ಏರಿಯೇ ತೀರಿಕೊಂಡ. ಆಗ ರಕ್ತದಲ್ಲಿ ಅಳೆಯೋ ಪದ್ಧತಿ ಕೈಗೆ ಬಂದಿರಲಿಲ್ಲ. ಮುಂದೆ ಡೆನ್ಮಾರ್ಕಿನ ಮೋಗೆನ್ಸ್ ಷೌ ಸರಿಯಾಗಿ ಪರೀಕ್ಷೆ ಮಾಡಿ ತೋರಿಸಿದ್ರು, ಅಮೆರಿಕ ಒಪ್ಪಿದ್ದು 1970ರಲ್ಲಿ. ಪೇಟೆಂಟ್ ಮಾಡೋಕಾಗದ ಉಪ್ಪು, ಯಾವ ಕಂಪನಿಗೂ ಅದರ ಮೇಲೆ ಪ್ರೀತಿ ಇಲ್ಲ.

ನೇರಾನೇರ (ಮಂಗಳವಾರ ಬೆಳಗ್ಗೆ 6:12)

ಇದು ಓದೋ ಹಾಗಿತ್ತು. ಆದ್ರೂ ಕೇಳ್ತೀನಿ, ಹುಡುಗ ಬರಲ್ಲ ಅಂದ್ರೆ? ನನಗೇನೂ ಆಗಿಲ್ಲ ಅನ್ನೋನನ್ನ ಹೆಡೆಮುರಿ ಕಟ್ಟಿ ಒಯ್ತೀರಾ?

ಲೆಕ್ಕ_ಪತ್ರ (6:40)

ವಕೀಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಇದಕ್ಕೆ ದಾರಿ ಇದೆ. ರೋಗಿಯಿಂದ ಅವನಿಗೇ ಅಥವಾ ಬೇರೆಯವರಿಗೆ ಹಾನಿ ಆಗೋ ಅಪಾಯ ಇದ್ದು, ತಾನೇ ತೀರ್ಮಾನ ಮಾಡೋ ಸ್ಥಿತಿಯಲ್ಲಿ ಇಲ್ಲದಿದ್ರೆ, 89ನೇ ಸೆಕ್ಷನ್ ಪ್ರಕಾರ ಅವನ ನಾಮನಿರ್ದೇಶಿತ ಪ್ರತಿನಿಧಿ (ಅವನು ಮೊದಲೇ ಯಾರನ್ನೂ ಹೆಸರಿಸದಿದ್ರೆ ಸಾಮಾನ್ಯವಾಗಿ ಮನೆಯವರೇ) ಅರ್ಜಿ ಕೊಟ್ಟು ಆಸ್ಪತ್ರೆಗೆ ಸೇರಿಸಬಹುದು. ಒಬ್ಬ ಮನೋವೈದ್ಯರು, ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ವೃತ್ತಿಪರರು ಬೇರೆಬೇರೆಯಾಗಿ ನೋಡಿರಬೇಕು. ಮೊದಲಿಗೆ ಗರಿಷ್ಠ 30 ದಿನ. ಸರಪಳಿ ಹಾಕಿ ಕಟ್ಟೋದು ಅಪರಾಧ, ಮನೆಯಲ್ಲಾಗಲಿ ಗುಡಿಯಲ್ಲಾಗಲಿ. ಅರಿವಳಿಕೆ ಇಲ್ಲದೆ ಕರೆಂಟ್ ಕೊಡೋದಕ್ಕೂ ಅದೇ ಕಾಯ್ದೆ ನಿಷೇಧ ಹಾಕಿದೆ, ಸಿನಿಮಾದಲ್ಲಿ ನೋಡಿದ್ದು ಮರೆತುಬಿಡಿ.

ವಿಮೆ ಇದ್ರೆ ಪಾಲಿಸಿ ತೆಗೆದು ನೋಡಿ. ಬೇರೆ ಕಾಯಿಲೆಗೆ ಹೇಗೋ ಮಾನಸಿಕ ಕಾಯಿಲೆಗೂ ಹಾಗೇ ವಿಮೆ ಸಿಗಬೇಕು ಅಂತ ಇದೇ ಕಾಯ್ದೆಯ 21ನೇ ಸೆಕ್ಷನ್ನಲ್ಲಿದೆ.

ಹನ್ನೊಂದನೇ_ವರ್ಷ (6:58)

ಕಾಯ್ದೆ ಕೊನೆಗಿರಲಿ. ಅಕ್ಕಾ, "ನಿನಗೆ ಹುಚ್ಚು, ನಡಿ" ಅಂದ್ರೆ ಯಾರೂ ಬರಲ್ಲ. ವಾದ ಮಾಡಬೇಡಿ, ನೀರಾ ಕಂಪನಿ ಬಗ್ಗೆ ಹೌದೂ ಬೇಡ ಅಲ್ಲವೂ ಬೇಡ. ನಿದ್ದೆ ಹಿಡ್ಕೊಳ್ಳಿ. "ಇಷ್ಟೆಲ್ಲಾ ಕೆಲಸ ಇದೆ, ಮೈ ಕೈಕೊಟ್ರೆ ಕಷ್ಟ, ನಿದ್ದೆಗೆ ಏನಾದ್ರೂ ಕೇಳೋಣ ಬಾ" ಅನ್ನಿ. ನಮ್ಮಕ್ಕ ನನ್ನನ್ನ ಹಾಗೇ ಕರ್ಕೊಂಡು ಹೋಗಿದ್ದು. ಎಟಿಎಂ ಕಾರ್ಡು, ಪಹಣಿ ಪತ್ರ, ಬೈಕಿನ ಕೀ ಮೆಲ್ಲಗೆ ಬೇರೆ ಕಡೆ ಇಡಿ. ಮೇನಿಯಾ ಇಳಿದ ಮೇಲೆ ಮನುಷ್ಯನನ್ನ ಕೊಲ್ಲೋದು ಸಾಲ ಮತ್ತೆ ನಾಚಿಕೆ.

ಮತ್ತೆ ಇಳಿಯೋ ಹೊತ್ತು ಹುಷಾರು. ಸಾಯೋ ಮಾತು ಬಂದ್ರೆ ಹಗುರ ಮಾಡಬೇಡಿ. 14416, ಟೆಲಿ ಮಾನಸ್, ಯಾವ ಹೊತ್ತಲ್ಲಾದ್ರೂ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.

ಪಿಜಿ_ಪರದಾಟ (7:05)

ಇವತ್ತು ಮಂಗಳವಾರ. ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರೋ ಕಾರ್ಯಕ್ರಮ ಇದೆ. ನಿಮ್ಮಲ್ಲಿ ಇವತ್ತೇ ಬರ್ತಾರಾ ಅಂತ ಫೋನ್ ಮಾಡಿ ಕೇಳಿ. ಇಲ್ಲ ಅಂದ್ರೆ ತುಮಕೂರು ಜಿಲ್ಲಾಸ್ಪತ್ರೆ, ಅಲ್ಲೂ ಆಗದಿದ್ರೆ ನಿಮ್ಹಾನ್ಸ್ ತುರ್ತು ವಿಭಾಗ, ಅದು ರಾತ್ರಿಯೂ ತೆರೆದಿರುತ್ತೆ.

ಬುದ್ಧಿಮಾತು (8:20)

ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ಒಂದು ಮದುವೆ ಮಾಡಿ, ಜವಾಬ್ದಾರಿ ಬಂದ್ರೆ ತಾನೇ ತಣ್ಣಗಾಗ್ತಾನೆ.

ಕಾರ್ಕಳದವಳು (8:31)

ಬರೋ ಹುಡುಗಿ ಏನು ಮಾತ್ರೆಯಾ? ನಿಮ್ಮ ಮಗಳನ್ನ ಕೊಡ್ತೀರಾ ಹೇಳಿ.

ತವರಿನ_ದಾರಿ (9:10)

ಮದುವೆ ಮಾತು ಬಂತಲ್ಲ, ನಂದೂ ಹೇಳ್ತೀನಿ. ನನಗೆ ಗೊತ್ತಾಗಿದ್ದು ಬಾಣಂತನದಲ್ಲಿ. ಮಗು ಹುಟ್ಟಿ ಎಂಟನೇ ದಿನದಿಂದ ನಿದ್ದೆ ಹೋಯ್ತು, ಮಗು ದೇವರ ಅವತಾರ ಅಂತ ಅಕ್ಕಪಕ್ಕದವರನ್ನ ಕರೆದು ಆರತಿ ಎತ್ತಿಸಿದೆ. ಅಜ್ಜಿ ಶೀತ ತಲೆಗೇರಿದೆ ಅಂದ್ರು. ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಕೊಳ್ಳೋ ವಾರ್ಡಿದೆ, ಹಾಗಾಗಿ ಮಗುವನ್ನ ಬಿಟ್ಟು ಇರಬೇಕಾಗಲಿಲ್ಲ.

ಹೆಣ್ಣುಮಕ್ಕಳು ಓದ್ತಿದ್ರೆ: ವಾಲ್‌ಪ್ರೊಯೇಟ್ ಅನ್ನೋ ಮಾತ್ರೆ ಕೆಲಸ ಚೆನ್ನಾಗೇ ಮಾಡುತ್ತೆ, ಆದ್ರೆ ಬಸಿರಲ್ಲಿ ತಗೊಂಡ್ರೆ ಮಗುವಿನ ಬೆನ್ನುಹುರಿ, ಮಿದುಳು ಎರಡಕ್ಕೂ ಅಪಾಯ. ಬಸಿರಾದ ಮೇಲಲ್ಲ, ಆಗೋ ಯೋಚನೆ ಬಂದಾಗಲೇ ಡಾಕ್ಟರಿಗೆ ಹೇಳಿ. ಗಾಬರಿಗೆ ನೀವೇ ನಿಲ್ಲಿಸಬೇಡಿ. ನನಗೆ ಲ್ಯಾಮೊಟ್ರಿಜಿನ್‌ಗೆ ಬದಲಾಯಿಸಿದ್ರು, ಅದನ್ನ ವಾರವಾರ ಚೂರುಚೂರೇ ಏರಿಸ್ತಾರೆ, ಮೈಮೇಲೆ ದದ್ದು ಎದ್ರೆ ತಕ್ಷಣ ಓಡಬೇಕು. ಎರಡನೇ ಮಗು ಈಗ ಒಂದನೇ ಕ್ಲಾಸು. ಮಗ್ಗಿ ಬರಲ್ಲ ಅನ್ನೋದು ಬಿಟ್ರೆ ಏನೂ ತೊಂದರೆ ಇಲ್ಲ.

ತಿಪಟೂರು_ಅಕ್ಕ (ಬುಧವಾರ ರಾತ್ರಿ 9:30)

ಎಲ್ಲರಿಗೂ ಉತ್ತರ ಕೊಡೋಕಾಗಲಿಲ್ಲ, ಕ್ಷಮಿಸಿ. ನಿನ್ನೆ ನಮ್ಮಲ್ಲಿ ಡಾಕ್ಟ್ರು ಬರೋ ಮಂಗಳವಾರ ಅಲ್ಲವಂತೆ, ತುಮಕೂರಿಗೆ ಹೋದ್ವಿ. ನಿದ್ದೆ ಮಾತು ಕೆಲಸ ಮಾಡ್ತು. ದಾರಿಯುದ್ದಕ್ಕೂ ಕಾರಿನ ಡ್ರೈವರಿಗೆ ನೀರಾದಲ್ಲಿ ಎಷ್ಟು ಲಾಭ ಅಂತ ಲೆಕ್ಕ ಹೇಳ್ತಾ ಬಂದ. ಡಾಕ್ಟರ ಮುಂದೆ ಮೊದಲು ಚೆನ್ನಾಗೇ ಮಾತಾಡಿದ, ನನಗೇ ಅನುಮಾನ ಬಂತು, ಸುಮ್ನೆ ಕರ್ಕೊಂಡು ಬಂದ್ವಾ ಅಂತ. ಆಮೇಲೆ ಅವರು ಬೆಂಗಳೂರಿನ ಕಥೆ ಕೇಳಿದ್ರು. ನಾನು ಹೇಳ್ತಿದ್ದ ಹಾಗೆ ಎದ್ದು ನಿಂತು ಡಾಕ್ಟರನ್ನೂ ಪಾಲುದಾರ ಮಾಡ್ಕೊಳ್ಳೋಕೆ ಹೊರಟ.

ಹಳೇ ಮಾತ್ರೆ ನಿಲ್ಲಿಸಿದ್ರು. ಮೇನಿಯಾ ಇಳಿಸೋಕೆ ಓಲಾನ್ಜಪಿನ್ ಅನ್ನೋ ಮಾತ್ರೆ ರಾತ್ರಿಗೆ, ರಕ್ತ ಪರೀಕ್ಷೆ ಬಂದ ಮೇಲೆ ಲಿಥಿಯಂ. ಅಡ್ಮಿಟ್ ಮಾಡಿದಾರೆ, ಅಪ್ಪ ಜೊತೆಗಿದಾರೆ. ನಮ್ಮಪ್ಪನ ತಂಗಿಗೂ ಹೀಗೇ ಇತ್ತು ಅಂತ ನಿನ್ನೆ ವಾರ್ಡಲ್ಲಿ ಕೂತು ಮೊದಲ ಸಲ ಹೇಳಿದ್ರು. ಅವರು ಬಾವಿಗೆ ಬಿದ್ದು ಹೋದವರು. ನಮಗೆಲ್ಲ ಕಾಲು ಜಾರಿ ಅಂತ ಹೇಳಿದ್ರು, ಇಷ್ಟು ವರ್ಷ.

ಪಿಜಿ_ಪರದಾಟ (9:48)

ಅಕ್ಕಾ, ಆ ವಿಷಯ ನಾಳೆ ರೌಂಡ್ಸಿಗೆ ಬಂದಾಗ ಡಾಕ್ಟರಿಗೆ ಹೇಳಿಸಿ. ರಕ್ತಸಂಬಂಧದಲ್ಲಿ ಇದ್ರೆ ರೋಗನಿರ್ಣಯಕ್ಕೂ ಸಹಾಯ, ಮುಂದಿನ ಎಚ್ಚರಿಕೆಗೂ. ಆತ್ಮಹತ್ಯೆಯ ಅಪಾಯ ಇರೋರಲ್ಲಿ ಲಿಥಿಯಮ್ಮಿಗೆ ಅದಕ್ಕಾಗಿಯೇ ಬೆಲೆ.

ಧಾರವಾಡ_ಫೇಡಾ (9:55)

ಅಪ್ಪಾರಿಗೂ ಒಂಚೂರು ಧೈರ್ಯ ಹೇಳ್ರಿ ಅಕ್ಕಾರ. ಅಷ್ಟು ವರ್ಷ ಹೊಟ್ಟ್ಯಾಗ ಇಟಗೊಂಡಿದ್ದು ಸಣ್ಣದಲ್ಲ.

ತಿಪಟೂರು_ಅಕ್ಕ (ನಾಲ್ಕು ವಾರದ ನಂತರ, ಭಾನುವಾರ)

ಇದನ್ನ ಹುಡುಕಿ ಮೇಲೆ ತಂದೆ. ಮನೆಗೆ ಬಂದು ಹದಿನೈದು ದಿನ ಆಯ್ತು. ರಾತ್ರಿ ಹತ್ತಕ್ಕೆ ಮಲಗ್ತಾನೆ. ಲೆವೆಲ್ 0.8. ಹಸಿವು ಜಾಸ್ತಿ, ನಾಲ್ಕು ಕೆಜಿ ಏರಿದಾನೆ, ಅದಕ್ಕೆ ಬೇಜಾರಿದೆ. ಕೈ ಸ್ವಲ್ಪ ನಡುಗುತ್ತೆ, ಕಾಫಿ ಲೋಟ ಅರ್ಧ ತುಂಬಿಸಿ ಕೊಡ್ತೀನಿ. ಊರಲ್ಲಿ ಮುಖ ತೋರ್ಸೋಕೆ ಆಗಲ್ಲ ಅಂತ ಸಂಜೆ ಆದ ಮೇಲೇ ತೋಟಕ್ಕೆ ಹೋಗೋದು. ಹಾಲಿನ ವ್ಯಾನಿನ ಡ್ರೈವರು ಬಂದು ನೀರಾ ಕಂಪನಿ ಏನಾಯ್ತಣ್ಣ ಅಂದ, ಪಾಪ ಅವನು ನಿಜ ಅಂದ್ಕೊಂಡಿದಾನೆ.

ಒಂದು ಮಾತು ಕೇಳಿದ, ಉತ್ತರ ಹೊಳೀಲಿಲ್ಲ. "ಅಕ್ಕಾ, ಇನ್ಮೇಲೆ ನನಗೆ ಖುಷಿ ಆದ್ರೆ ನೀವೆಲ್ಲ ಹೆದರ್ಕೋತೀರಾ?" ಅಂದ.

ಹನ್ನೊಂದನೇ_ವರ್ಷ

ಹೆದರ್ಕೋತಾರೆ. ನಮ್ಮನೇಲಿ ಇವತ್ತಿಗೂ ನಾನು ಜೋರಾಗಿ ನಕ್ರೆ ಅಮ್ಮ ಅಡುಗೆಮನೆಯಿಂದ ಇಣುಕಿ ನೋಡ್ತಾರೆ. ಮೊದಮೊದಲು ಸಿಟ್ಟು ಬರೋದು. ಈಗ ನಾನೇ ಒಂದು ನೋಟ್‌ಬುಕ್ಕಲ್ಲಿ ದಿನಾ ಬರೀತೀನಿ, ಎಷ್ಟು ಗಂಟೆ ಮಲಗಿದೆ, ಮನಸ್ಸು ಹತ್ತಕ್ಕೆ ಎಷ್ಟು. ಅಮ್ಮ ಇಣುಕಿದ್ರೆ ಪುಸ್ತಕ ತೋರಿಸ್ತೀನಿ: ಏಳು ಗಂಟೆ ನಿದ್ದೆ ಆಗಿದೆ, ಇದು ಬರೀ ನಗು. ಸತತ ಎರಡು ರಾತ್ರಿ ನಾಲ್ಕು ಗಂಟೆಗಿಂತ ಕಮ್ಮಿ ಆದ್ರೆ ನಾನೇ ಡಾಕ್ಟರಿಗೆ ಫೋನ್ ಮಾಡ್ತೀನಿ. ಅವನಿಗೂ ಒಂದು ನೋಟ್‌ಬುಕ್ ಕೊಡಿಸಿ, ಬರೆಯೋದು ಅವನೇ ಆಗಿರಲಿ, ನೀವಲ್ಲ.

ನೇರಾನೇರ

ಮೊದಲ ದಿನ ನಾನು ಆಡಿದ ಮಾತಿಗೆ ಕ್ಷಮೆ ಇರಲಿ ಮೇಡಂ. ಅಂದ ಹಾಗೆ ಬೋರಲ್ಲಿ ನೀರು ಬಂತಾ?

ತಿಪಟೂರು_ಅಕ್ಕ

ಮೊದಲನೇದರಲ್ಲಿ ಒಂದೂವರೆ ಇಂಚು. ಎರಡನೇದು ಬರೀ ಧೂಳು.

ಮಂಡ್ಯ_ಹೈಕ್ಳು

ಒಂದೂವರೆ ಇಂಚಾ? ಎಷ್ಟು ಅಡಿಗೆ? ಪಾಯಿಂಟ್ ಯಾರು ಮಾಡಿಕೊಟ್ಟಿದ್ದು?

ತಿಪಟೂರು_ಅಕ್ಕ

740 ಅಡಿ. ಪಾಯಿಂಟ್ ಅವನೇ, ರಾತ್ರಿ ಟಾರ್ಚ್ ಹಿಡ್ಕೊಂಡು.